ಬಣ್ಣಕ್ಕೂ ನೆತ್ತರಿಗೂ ಒಂದೇ ವಂಶವಾಹಿ

1959ರಲ್ಲಿ ಪ್ರಾಗ್ ನಗರದ ವೈದ್ಯರಾದ ಫ್ರಾಂಟಿಶೆಕ್ ಹೆರ್ಮಾನ್‌ಸ್ಕಿ ಮತ್ತು ಪಾವೆಲ್ ಪುಡ್ಲಾಕ್ ಇಬ್ಬರು ರೋಗಿಗಳ ಬಗ್ಗೆ ಬರೆದರು. ರೋಗಿಗಳ ನಡುವೆ ರಕ್ತಸಂಬಂಧವಿರಲಿಲ್ಲ. ಆದರೆ ಇಬ್ಬರಿಗೂ ಹುಟ್ಟಿನಿಂದಲೇ ಆಲ್ಬಿನಿಸಂ, ಅಂದರೆ ಮೈಬಣ್ಣದ ಕೊರತೆ ಇತ್ತು, ಗಾಯವಾದರೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಮೈಬಣ್ಣಕ್ಕೂ ರಕ್ತಸ್ರಾವಕ್ಕೂ ಏನು ನಂಟು ಎಂಬುದರ ಎಳೆ ಸಿಕ್ಕಿದ್ದು 1996ರಲ್ಲಿ, 10ನೇ ವರ್ಣತಂತುವಿನಲ್ಲಿರುವ ಎಚ್‌ಪಿಎಸ್1 ವಂಶವಾಹಿ ಪತ್ತೆಯಾದಾಗ.

ಮೈಗೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಜೀವಕೋಶದೊಳಗಿನ ಮೆಲನೋಸೋಮ್ ಎಂಬ ಪುಟ್ಟ ಚೀಲದಲ್ಲಿ. ರಕ್ತದ ಪ್ಲೇಟ್‌ಲೆಟ್‌ಗಳಲ್ಲೂ ಇಂಥವೇ ಚೀಲಗಳಿವೆ, ಅವುಗಳ ಹೆಸರು ಸಾಂದ್ರ ಕಣಗಳು. ಗಾಯವಾದ ಕೂಡಲೇ ಇವು ಎಡಿಪಿ, ಸೆರಟೋನಿನ್, ಕ್ಯಾಲ್ಸಿಯಂ ಹೊರಚೆಲ್ಲಿ ಉಳಿದ ಪ್ಲೇಟ್‌ಲೆಟ್‌ಗಳನ್ನು ಅಲ್ಲಿಗೆ ಸೆಳೆಯುತ್ತವೆ. ಶ್ವಾಸಕೋಶದ ಗಾಳಿಗೂಡುಗಳು ಕುಸಿಯದಂತೆ ಕಾಯುವ ದ್ರವವನ್ನು ಕೂಡಿಡುವುದೂ ಇದೇ ಬಳಗದ ಇನ್ನೊಂದು ಕಣದಂಗ. ಎಚ್‌ಪಿಎಸ್1 ಪ್ರೋಟೀನು ಎಚ್‌ಪಿಎಸ್4 ಎಂಬ ಜೊತೆಗಾರನೊಡನೆ ಸೇರಿ ‘ಬ್ಲಾಕ್-3’ ಜೋಡಿಯಾಗುತ್ತದೆ. ಸರಕು ಹೊತ್ತ ಕಿರುಗುಳ್ಳೆಗಳನ್ನು ಸರಿಯಾದ ಜಾಗಕ್ಕೆ ಕಳಿಸುವ ರ‍್ಯಾಬ್32, ರ‍್ಯಾಬ್38 ಪ್ರೋಟೀನುಗಳನ್ನು ಎಚ್ಚರಿಸುವುದು ಈ ಜೋಡಿಯ ಕೆಲಸ. ವಿಳಾಸ ಬರೆಯುವವನೇ ಇಲ್ಲದ ಅಂಚೆ ಕಚೇರಿಯಲ್ಲಿ ಆಗುವಂತೆ, ಎಚ್‌ಪಿಎಸ್1 ಕೆಟ್ಟರೆ ಸರಕು ಇದ್ದರೂ ಸೇರಬೇಕಾದಲ್ಲಿಗೆ ಸೇರುವುದಿಲ್ಲ. ಹಾಗಾಗಿಯೇ ಒಂದು ವಂಶವಾಹಿಯ ದೋಷ ಕೂದಲು, ಕಣ್ಣು, ರಕ್ತ, ಶ್ವಾಸಕೋಶಗಳನ್ನೆಲ್ಲ ತಟ್ಟುತ್ತದೆ.

ಈ ಕಾಯಿಲೆಗೆ ಹೆರ್ಮಾನ್‌ಸ್ಕಿ-ಪುಡ್ಲಾಕ್ ಸಿಂಡ್ರೋಮ್ ಎಂದೇ ಹೆಸರು. ಜಗತ್ತಿನಲ್ಲಿ ಅಪರೂಪ, ಆದರೆ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ವಾಯವ್ಯ ಭಾಗದಲ್ಲಿ ಸುಮಾರು 1,800 ಜನರಲ್ಲಿ ಒಬ್ಬರಿಗೆ ಇದೆ. ಅಲ್ಲಿ 21 ಜನರಲ್ಲಿ ಒಬ್ಬರು ದೋಷದ ಒಂದು ಪ್ರತಿಯನ್ನು ಹೊತ್ತಿರುತ್ತಾರೆ. ಆ ದೋಷದಲ್ಲಿ ಡಿಎನ್‌ಎಯ 16 ಅಕ್ಷರಗಳ ಸಾಲೊಂದು ಎರಡು ಬಾರಿ ಬಂದಿದೆ, ಅಷ್ಟೇ! ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿಹೋಗುತ್ತದೆ. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ಕಾಯಿಲೆ.

ಇದನ್ನು ಹಿಡಿಯುವುದು ಸುಲಭವಲ್ಲ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗಲೇ ನಿಜ ಕಾಣುವುದು: ಆರೋಗ್ಯವಂತರ ಪ್ಲೇಟ್‌ಲೆಟ್‌ನಲ್ಲಿ ಕಪ್ಪು ಚುಕ್ಕಿಗಳು ಎದ್ದು ಕಾಣುತ್ತವೆ, ಇವರದರಲ್ಲಿ ಖಾಲಿ. ಮಗುವಿನ ಬಿಳಿಕೂದಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಆಡುವಾಗ ಎದ್ದ ನೀಲಿ ಬಾವು ಯಾರಿಗೂ ದೊಡ್ಡದೆನಿಸುವುದಿಲ್ಲ. ನನಗೆ ಅತ್ಯಂತ ಸಂಕಟ ತರುವ ಸಂಗತಿ ಇದೇ. ಏಕೆಂದರೆ ಎಚ್‌ಪಿಎಸ್1 ದೋಷವಿರುವವರಿಗೆ ಮೂವತ್ತು-ನಲವತ್ತರ ವಯಸ್ಸಿನಲ್ಲಿ ಶ್ವಾಸಕೋಶ ಗಡುಸಾಗತೊಡಗುವ ಅಪಾಯ ದೊಡ್ಡದು. ಅದು ಉಲ್ಬಣಿಸಿದರೆ ಉಳಿಯುವ ದಾರಿ ಶ್ವಾಸಕೋಶದ ಕಸಿ. ಮೊದಲೇ ಗೊತ್ತಿದ್ದರೆ ಕನಿಷ್ಠ ಬೀಡಿ-ಸಿಗರೇಟಿನಿಂದ ದೂರವಿರಬಹುದು, ಉಸಿರಾಟದ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಬಹುದು.

ಆಲ್ಬಿನಿಸಂ ಇರುವ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇರುವುದಿಲ್ಲ. ಆದರೂ ಮೂಗಿನಿಂದ ಪದೇ ಪದೇ ರಕ್ತ, ಸಣ್ಣ ಪೆಟ್ಟಿಗೂ ಕಂದುಗಟ್ಟುವುದು, ಮುಟ್ಟಿನಲ್ಲಿ ವಿಪರೀತ ಸ್ರಾವ ಕಂಡರೆ ಸುಮ್ಮನಿರಬೇಡಿ. ಹಲ್ಲು ಕೀಳಿಸುವ ಮುನ್ನ, ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ತಿಳಿಸಿ, ಪ್ಲೇಟ್‌ಲೆಟ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವಂತೆ ಕೇಳಿ. ಅಲ್ಲಿಯವರೆಗೆ ವೈದ್ಯರನ್ನು ಕೇಳದೆ ಆಸ್ಪಿರಿನ್ ಆಗಲಿ, ಐಬುಪ್ರೊಫೇನ್ ಆಗಲಿ ಕೊಡಬೇಡಿ.