ಬೀದಿದೀಪದ ಕಂಬಕ್ಕೆ ವೈ-ಫೈ: ಅನುಮತಿ ಕೊಡುವವರು ಯಾರು?



ಊರಿನ ಗ್ರಂಥಾಲಯದ ಪಕ್ಕದ ಉದ್ಯಾನದಲ್ಲಿ ಸಂಜೆ ಹೊತ್ತು ಓದುತ್ತ ಕೂರುವ ಹುಡುಗ ಹುಡುಗಿಯರನ್ನು ನೀವು ನೋಡಿರುತ್ತೀರಿ. ಬಹುಶಃ ಅವರಲ್ಲಿ ನೀವೂ ಒಬ್ಬರು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪ್ರವೇಶಪತ್ರ, ಸಿಇಟಿ ಆಯ್ಕೆಗಳ ದಾಖಲೆ, ಎಲ್ಲವೂ ಈಗ ಅಂತರ್ಜಾಲದಲ್ಲೇ ಆಗಬೇಕು. ಮೊಬೈಲಿನ ದಿನದ ಡೇಟಾ ಮಾತ್ರ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. 'ಆ ದೀಪದ ಕಂಬಕ್ಕೊಂದು ವೈ-ಫೈ ಪೆಟ್ಟಿಗೆ ಕಟ್ಟಿದರೆ ಆಯಿತಲ್ಲ, ಅದೇನು ಮಹಾ ಕೆಲಸ?' ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಬೆಲೆ ಕೆಲವು ಸಾವಿರ ರೂಪಾಯಿ, ಕಟ್ಟಲು ಒಂದು ಗಂಟೆ ಸಾಕು. ಆದರೆ ಕಟ್ಟಲು ಬೇಕಾದ ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಅದೇಕೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಸುಲಭದ ಭಾಗ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿಯೇ ಪರವಾನಗಿಯಿಂದ ಮುಕ್ತಗೊಳಿಸಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೂ ಹೆಚ್ಚಿನ ಭಾಗ ಮುಕ್ತವಾಯಿತು. ಪ್ರಸಾರ ಶಕ್ತಿಗೆ ಮಿತಿಯಿದೆ, ಅಷ್ಟೆ. ಸಾರ್ವಜನಿಕರಿಗೆ ಸಂಪರ್ಕ ಮಾರಲು ಮಾತ್ರ ಪರವಾನಗಿ ಬೇಕಿತ್ತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಆ ತೊಡಕೂ ಸಡಿಲವಾಯಿತು. ಚಹಾ ಅಂಗಡಿಯಾಗಲಿ ಕಿರಾಣಿ ಅಂಗಡಿಯಾಗಲಿ, ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕ ಡೇಟಾ ಕೇಂದ್ರ ನಡೆಸಬಹುದು. ಅವರನ್ನು ಒಗ್ಗೂಡಿಸುವ ಸಂಸ್ಥೆ ಮಾತ್ರ ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿಯಾಗಬೇಕು. ಹಿಂದೆ ಬೀದಿಬೀದಿಯಲ್ಲಿದ್ದ ಎಸ್‌ಟಿಡಿ ಬೂತುಗಳ ಬಗ್ಗೆ ನಿಮ್ಮ ತಂದೆತಾಯಿಯರನ್ನು ಕೇಳಿ ನೋಡಿ, ಕಲ್ಪನೆ ಅದೇ.

ಅಂದರೆ ಗಾಳಿ ಎಲ್ಲರದು. ಕಂಬ ಹಾಗಲ್ಲ.

ಕಂಬ ಯಾರದು ಎಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಎಷ್ಟೋ ಬೀದಿಗಳಲ್ಲಿ ಕಂಬ ವಿದ್ಯುತ್ ಸರಬರಾಜು ಕಂಪನಿಯದು: ಬೆಂಗಳೂರಿನಲ್ಲಿ ಬೆಸ್ಕಾಂ, ಹುಬ್ಬಳ್ಳಿಯಲ್ಲಿ ಹೆಸ್ಕಾಂ, ಮಂಗಳೂರಿನಲ್ಲಿ ಮೆಸ್ಕಾಂ. ಅದರ ಮೇಲಿನ ದೀಪ ಪಾಲಿಕೆಯದು. ಕಂಬ ನಿಂತ ನೆಲ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿ ಪ್ರಾಧಿಕಾರದ್ದೋ ಇರಬಹುದು. ಬೆಂಗಳೂರಿನಲ್ಲಂತೂ 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಬೀದಿ ಯಾವುದರ ಪಾಲಿಗೆ ಬಂದಿದೆ ಎಂದು ಮೊದಲು ತಿಳಿಯಬೇಕು. ಉದ್ಯಾನಕ್ಕಾದರೆ 1985ರ ಪ್ರತ್ಯೇಕ ರಾಜ್ಯ ಕಾಯಿದೆಯೇ ಇದೆ. ಉದ್ಯಾನ, ಆಟದ ಮೈದಾನಗಳು ಬೇರೆಯವರ ಪಾಲಾಗದಂತೆ ಕಾಯುವುದೇ ಅದರ ಉದ್ದೇಶ. ಆದ್ದರಿಂದ ಉದ್ಯಾನದಲ್ಲಿ ಒಂದು ಗೂಡು ಕಟ್ಟುತ್ತೇವೆಂದರೂ ಅಧಿಕಾರಿಗಳು ಹುಬ್ಬೇರಿಸುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ.

ಇನ್ನೊಂದು ಸಂಗತಿಯನ್ನು ಕಂಬ ಹತ್ತಿದವರಷ್ಟೇ ಬಲ್ಲರು. ಅನೇಕ ಕಡೆ ಬೀದಿದೀಪದ ತಂತಿಯಲ್ಲಿ ಹಗಲು ವಿದ್ಯುತ್ತೇ ಇರುವುದಿಲ್ಲ. ಸಂಜೆ ಒಂದು ಸ್ವಿಚ್ಚು ಹಾಕಿದರೆ ಇಡೀ ಬೀದಿಯ ದೀಪ ಹೊತ್ತಿಕೊಳ್ಳುತ್ತದೆ, ಬೆಳಗ್ಗೆ ತೆಗೆದರೆ ಆರುತ್ತದೆ. ಅದೇ ತಂತಿಗೆ ಜೋಡಿಸಿದ ವೈ-ಫೈ ಪೆಟ್ಟಿಗೆ ಹಗಲೆಲ್ಲ ನಿದ್ರಿಸುತ್ತದೆ. ಹಾಗಾಗಿ ದಿನವಿಡೀ ವಿದ್ಯುತ್ತಿರುವ ಬೇರೆ ತಂತಿ ಬೇಕು, ಅದಕ್ಕೆ ಮೀಟರು ಬೇಕು, ಮೀಟರು ಯಾರ ಹೆಸರಿನಲ್ಲಿ ಎಂಬುದು ತೀರ್ಮಾನವಾಗಬೇಕು. ಲೆಕ್ಕ ಹಾಕಿ ನೋಡಿ: 15 ವ್ಯಾಟಿನ ಪೆಟ್ಟಿಗೆ 24 ಗಂಟೆ ನಡೆದರೆ ದಿನಕ್ಕೆ 0.36 ಯೂನಿಟ್, ತಿಂಗಳಿಗೆ ಸುಮಾರು 11 ಯೂನಿಟ್. ಮೊತ್ತ ಅಲ್ಪವೇ. ಆದರೆ ಕಡತದಲ್ಲಿ ಆ ಅಲ್ಪ ಮೊತ್ತಕ್ಕೂ ಒಂದು ಲೆಕ್ಕಶೀರ್ಷಿಕೆ ಇರಬೇಕು. ಇಲ್ಲದಿದ್ದರೆ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ.

ಈಗ ಅರ್ಜಿಯ ಹಿಂದೆ ನಡೆಯೋಣ. ಅದು ಟಪಾಲು ವಿಭಾಗದಲ್ಲಿ ಸ್ವೀಕೃತಿಯಾಗಿ ಎಂಜಿನಿಯರಿಂಗ್ ವಿಭಾಗಕ್ಕೆ ಹೋಗುತ್ತದೆ. ಕಂಬ ಭಾರ ತಾಳುವುದೇ, ತಂತಿ ತೂಗಾಡುವುದೇ, ರಸ್ತೆ ಅಗೆಯಬೇಕೇ ಎಂದು ಅವರು ಟಿಪ್ಪಣಿ ಬರೆಯುತ್ತಾರೆ. ಬಾಡಿಗೆಯ ವಿಷಯ ಕಂದಾಯ ವಿಭಾಗಕ್ಕೆ, ಕರಾರಿನ ಕರಡು ಕಾನೂನು ಶಾಖೆಗೆ. ಪಾಲಿಕೆಗಳಲ್ಲಿ ಆಯುಕ್ತರು, ನಗರಸಭೆಗಳಲ್ಲಿ ಪೌರಾಯುಕ್ತರು ತಮ್ಮ ಅಧಿಕಾರವನ್ನು ಮೀರಿದ ಸಂಗತಿಗಳನ್ನು ಸಭೆಯ ಮುಂದಿಟ್ಟು ಠರಾವು ಪಡೆಯಬೇಕಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪಾಲಿಕೆ ಕೊಡುವುದು ಸಾಮಾನ್ಯವಾಗಿ ಗುತ್ತಿಗೆಯಲ್ಲ, ಬಳಕೆಯ ಅನುಮತಿ ಮಾತ್ರ. ಗುತ್ತಿಗೆಯಾದರೆ ಸ್ವತ್ತಿನಲ್ಲಿ ಒಂದು ಹಕ್ಕು ಹುಟ್ಟುತ್ತದೆ. ಅನುಮತಿಯಾದರೆ 'ಇಟ್ಟುಕೋ, ಹೇಳಿದಾಗ ತೆಗೆ' ಎಂದಷ್ಟೇ ಅರ್ಥ. ಊರಿನ ಆಸ್ತಿ ಕೈಬಿಟ್ಟುಹೋಗದಿರಲು ಈ ವ್ಯತ್ಯಾಸ ಅಗತ್ಯ.

ಈ ವಿಳಂಬವನ್ನು ಕಡಿಮೆ ಮಾಡಲು ಕೇಂದ್ರವು 2016ರಲ್ಲಿ ಮಾರ್ಗಹಕ್ಕಿನ ನಿಯಮಗಳನ್ನು ತಂದು, 60 ದಿನಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂದಿತು. 2022ರ ತಿದ್ದುಪಡಿಯು ಬೀದಿಕಂಬಗಳಿಗೆ ಹಾಕುವ ಮೊಬೈಲ್ ಜಾಲದ ಸಣ್ಣ ಪೆಟ್ಟಿಗೆಗಳಿಗೆ ನಗರಗಳಲ್ಲಿ ಕಂಬವೊಂದಕ್ಕೆ ವರ್ಷಕ್ಕೆ 300 ರೂಪಾಯಿ ದರ ಗೊತ್ತುಮಾಡಿತು. 2025ರ ಜನವರಿ 1ರಿಂದ ಇವುಗಳ ಜಾಗದಲ್ಲಿ 2023ರ ದೂರಸಂಪರ್ಕ ಕಾಯಿದೆಯಡಿಯ ಹೊಸ ನಿಯಮಗಳು ಬಂದಿವೆ. ಆದರೆ ಇವೆಲ್ಲ ದೂರಸಂಪರ್ಕ ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ವಿದ್ಯಾರ್ಥಿ ಸಂಘವೋ ಚಹಾ ಅಂಗಡಿಯೋ ಇವನ್ನು ನೆಚ್ಚಿಕೊಂಡು ಕಂಬ ಹತ್ತುವಂತಿಲ್ಲ.

ಅನುಮತಿ ಸಿಕ್ಕಿದರೆ ಕೆಲಸ ಮುಗಿಯಿತೇ? 2014ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ ಮುಂತಾದ ಕಡೆ 'ನಮ್ಮ ವೈ-ಫೈ' ಎಂಬ ಉಚಿತ ಸೇವೆಯನ್ನು ರಾಜ್ಯ ಸರ್ಕಾರ ಆರಂಭಿಸಿತು. ಅನುಮತಿಗೆ ಅಲ್ಲಿ ಕೊರತೆಯಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ದುಡಿಮೆಯಿಲ್ಲದ ಸೇವೆಯನ್ನು ಖಾಸಗಿ ಸಂಸ್ಥೆ ಎಷ್ಟು ದಿನ ಹೊತ್ತೀತು? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಥೆ ಬೇರೆ. ಇಡೀ ನಗರಕ್ಕೆ ವೈ-ಫೈ ಕೊಡಲು ಅರ್ತ್‌ಲಿಂಕ್ ಕಂಪನಿಯೊಡನೆ ಅಲ್ಲಿನ ಮೇಯರು 2007ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡರು. ನಗರದ ಚುನಾಯಿತ ಮಂಡಳಿಯಲ್ಲಿ ಚರ್ಚೆ ನಡೆಯುತ್ತಿರುವಾಗಲೇ, ಅದೇ ಆಗಸ್ಟಿನಲ್ಲಿ ಕಂಪನಿ ಹಿಂದೆ ಸರಿಯಿತು. 2014ರಲ್ಲಿ ಅದೇ ನಗರ ಗೂಗಲ್ ಕೊಟ್ಟ 6 ಲಕ್ಷ ಡಾಲರ್ ದೇಣಿಗೆಯಿಂದ ತನ್ನ ಉದ್ಯಾನ ಮತ್ತು ಮೈದಾನಗಳಲ್ಲಿ, ಒಟ್ಟು 32 ಕಡೆ, ಉಚಿತ ವೈ-ಫೈ ಆರಂಭಿಸಿತು. ಸಣ್ಣ ವ್ಯಾಪ್ತಿ, ಸ್ವಂತ ಜಾಗ, ಮುಂಚೆಯೇ ಕೈಯಲ್ಲಿದ್ದ ಹಣ.

ಅನುಮತಿ ಪತ್ರದಲ್ಲಿ ಬಳಕೆದಾರರ ಗುರುತಿನ ಷರತ್ತೂ ಇರುತ್ತದೆ. 2008ರಲ್ಲಿ ಭಯೋತ್ಪಾದಕರು ಬೇರೆಯವರ ಬೀಗವಿಲ್ಲದ ವೈ-ಫೈ ಬಳಸಿ ಸಂದೇಶ ಕಳಿಸಿದ ಪ್ರಕರಣಗಳಾದ ಮೇಲೆ, 2009ರಲ್ಲಿ ದೂರಸಂಪರ್ಕ ಇಲಾಖೆ ಬಿಗಿ ಸೂಚನೆ ಹೊರಡಿಸಿತು. ಮೊಬೈಲಿಗೆ ಬರುವ ಗುಪ್ತಸಂಖ್ಯೆ ಹಾಕದೆ ಸಾರ್ವಜನಿಕ ವೈ-ಫೈ ತೆರೆಯದಿರುವುದು ಇದರಿಂದಲೇ.

ನೀವೇನು ಮಾಡಬಹುದು? ಪಾಲಿಕೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಡನೆ ಒಂದು ಅರ್ಜಿ ಹಾಕಿ: ಇಂಥ ಬೀದಿಯ ಕಂಬಗಳ ಒಡೆತನ ಯಾರದು, ಅವುಗಳ ಮೇಲೆ ಈಗಾಗಲೇ ಯಾರಿಗೆ ಅನುಮತಿಯಿದೆ? ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಆಮೇಲಿನ ಅರ್ಜಿಯನ್ನು ನಿಮ್ಮ ಹೆಸರಿನಲ್ಲಿ ಹಾಕುವುದಕ್ಕಿಂತ ಕಾಲೇಜಿನ ಪ್ರಾಂಶುಪಾಲರ ಮೂಲಕ ಹಾಕುವುದು ಮೇಲು, ಏಕೆಂದರೆ ಮೂರು ವರ್ಷದಲ್ಲಿ ನೀವು ಊರು ಬಿಡುತ್ತೀರಿ, ಕಾಲೇಜು ಅಲ್ಲೇ ಇರುತ್ತದೆ. ನನ್ನನ್ನು ಕೇಳಿದರೆ ಮೊದಲ ಪೆಟ್ಟಿಗೆಗೆ ಕಂಬವೇ ಬೇಡ. ಗ್ರಂಥಾಲಯದ ಗೋಡೆ ಸಾಕು. ಅಲ್ಲಿ ಹಗಲೂ ವಿದ್ಯುತ್ತಿದೆ, ಕೆಟ್ಟಾಗ ನೋಡುವ ಸಿಬ್ಬಂದಿಯಿದ್ದಾರೆ, ಗೋಡೆಯ ಒಡೆಯರೂ ಒಬ್ಬರೇ.

ಅರ್ಜಿಯ ಕೊನೆಯಲ್ಲಿ ಒಂದು ಸಾಲು ಮರೆಯಬೇಡಿ: ಅವಧಿ ಮುಗಿದಾಗ ಪೆಟ್ಟಿಗೆಯನ್ನೂ ತಂತಿಯನ್ನೂ ಯಾರ ಖರ್ಚಿನಲ್ಲಿ, ಎಷ್ಟು ದಿನದೊಳಗೆ ಇಳಿಸಲಾಗುವುದು. ಎಂಜಿನಿಯರರು ಮೊದಲು ಹುಡುಕುವುದು ಆ ಸಾಲನ್ನೇ, ಏಕೆಂದರೆ ಯಾರೂ ಇಳಿಸದ ತಂತಿಗಳ ಕಂತೆ ಅವರ ಕಚೇರಿಯ ಎದುರಿನ ಮರದಲ್ಲಿಯೇ ಜೋತಾಡುತ್ತಿರುತ್ತದೆ.