ಎರಡು ಕ್ಲಚ್ಚೋ, ಟಾರ್ಕ್ ಕನ್ವರ್ಟರೋ? ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್ ಮತ್ತು ನಮ್ಮ ರಸ್ತೆಗಳು

ಸ್ಪೋರ್ಟ್ಸ್ ಕಾರುಗಳಿಗೆಂದು ರೂಪುಗೊಂಡ ತಂತ್ರಜ್ಞಾನವು ಕಾಲಕ್ರಮೇಣ ಸಾಮಾನ್ಯ ವರ್ತಕರ ಕಾರಿಗೂ ಇಳಿದು ಬರುತ್ತದೆ. ಎರಡು ಕ್ಲಚ್ಚುಗಳ ಗೇರ್‌ಬಾಕ್ಸ್ ಇದಕ್ಕೊಂದು ನಿದರ್ಶನ. 1980ರ ದಶಕದಲ್ಲಿ ಪೋರ್ಷೆ ಕಂಪನಿಯ ರೇಸ್ ಕಾರುಗಳಲ್ಲಿ ಪರೀಕ್ಷೆಗೊಳಗಾದ ಈ ವ್ಯವಸ್ಥೆಯು 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ ಮಾರುಕಟ್ಟೆಗೆ ಬಂದಿತು. ಇಂದು ನಮ್ಮಲ್ಲಿ ಮಧ್ಯಮ ಬೆಲೆಯ ಕಾರುಗಳಲ್ಲಿಯೂ ದೊರೆಯುತ್ತದೆ. ವ್ಯಾಪಾರದ ನಿಮಿತ್ತ ಬಿಂಡಿಗನವಿಲೆಯಿಂದ ಬೆಂಗಳೂರಿಗೆ ಆಗಾಗ್ಗೆ ಹೋಗಿಬರುವವರು ಕ್ಲಚ್ ಪೆಡಲ್ ಇಲ್ಲದ ಕಾರು ಕೊಳ್ಳಹೊರಟರೆ, ಹಳೆಯ ಬಗೆಯ ಆಟೋಮ್ಯಾಟಿಕ್ ಮೇಲೋ ಇದು ಮೇಲೋ ಎಂಬ ಪ್ರಶ್ನೆ ಎದುರಾಗುತ್ತದೆ. ವಾರಂಟಿ ಮುಗಿದ ಮೇಲೆ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿಯ ಖರ್ಚು ಲಕ್ಷ ರೂಪಾಯಿ ದಾಟಬಹುದಾದ್ದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಎರಡು ಕ್ಲಚ್ಚುಗಳ ವ್ಯವಸ್ಥೆಯಲ್ಲಿ 1, 3, 5, 7ನೆಯ ಗೇರುಗಳು ಒಂದು ಕ್ಲಚ್ಚಿಗೂ 2, 4, 6ನೆಯವು ಮತ್ತೊಂದಕ್ಕೂ ಸೇರಿರುತ್ತವೆ. ಕಾರು ಮೂರನೆಯ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ನಿಂತಿರುತ್ತದೆ. ಒಂದು ಕ್ಲಚ್ಚು ಬಿಡುವುದು, ಇನ್ನೊಂದು ಹಿಡಿಯುವುದು, ಅಷ್ಟೇ ಕೆಲಸ. ಚಕ್ರಗಳಿಗೆ ಹೋಗುವ ಶಕ್ತಿ ನಡುವೆ ಕಡಿಯುವುದಿಲ್ಲ. ಸಾಂಪ್ರದಾಯಿಕ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳಲ್ಲಿ ಒಂದು ತಿರುಗಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ ಇಲ್ಲಿ ಎಣ್ಣೆಯ ಪ್ರವಾಹವು ಶಕ್ತಿಯನ್ನು ದಾಟಿಸುತ್ತದೆ. ಎಣ್ಣೆಯಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುವುದು ಇದರ ಹಳೆಯ ದೋಷ. ವೇಗ ಬಂದೊಡನೆ ಎರಡೂ ಭಾಗಗಳನ್ನು ಬಿಗಿದು ಒಂದಾಗಿಸುವ ಲಾಕ್-ಅಪ್ ಕ್ಲಚ್ಚು ಈ ನಷ್ಟವನ್ನು ಬಹುಮಟ್ಟಿಗೆ ತಗ್ಗಿಸಿದೆ.

ಹಾಗಾದರೆ ಸ್ಪೋರ್ಟ್ಸ್ ಕಾರು ತಯಾರಕರು ಯಾವುದನ್ನು ಆರಿಸಿದ್ದಾರೆ? ಇಲ್ಲೊಂದು ಸ್ವಾರಸ್ಯವಿದೆ. ಬಿಎಂಡಬ್ಲ್ಯು ಎಂ5 ಕಾರಿಗೆ 2011ರಲ್ಲಿ ಏಳು ಗೇರುಗಳ ಡ್ಯುಯಲ್ ಕ್ಲಚ್ ಬಂದಿತು. 2017ರ ಮಾದರಿಯಲ್ಲಿ ಕಂಪನಿಯು ಅದನ್ನು ಕೈಬಿಟ್ಟು ಎಂಟು ಗೇರುಗಳ ಟಾರ್ಕ್ ಕನ್ವರ್ಟರ್‌ಗೆ ಮರಳಿತು. ಹೊಸ ಕಾರು ನಿಧಾನವಾಗಲಿಲ್ಲ, ಇನ್ನೂ ಬೇಗ ವೇಗ ಪಡೆಯಿತು (ನಾಲ್ಕು ಚಕ್ರಗಳಿಗೂ ಶಕ್ತಿ ಹರಿದುದು ಇದಕ್ಕೊಂದು ಕಾರಣವೆಂಬುದನ್ನು ಮರೆಯಬಾರದು). ಅದೇ ಸುಮಾರಿಗೆ ಅಮೆರಿಕದ ಕಾರ್ವೆಟ್ ವಿರುದ್ಧ ದಿಕ್ಕಿನಲ್ಲಿ ನಡೆಯಿತು. 2019ರಲ್ಲಿ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸರಿಸಿದಾಗ ಅದು ಆಟೋಮ್ಯಾಟಿಕ್ ಬಿಟ್ಟು ಡ್ಯುಯಲ್ ಕ್ಲಚ್ ಹಿಡಿಯಿತು. ರೇಸ್ ಟ್ರ್ಯಾಕಿಗೆ ಹೋಗುವ ಕಾರಿಗೂ ದಿನನಿತ್ಯ ಕಚೇರಿಗೆ ಹೋಗಬೇಕಾದ ನಾಲ್ಕು ಬಾಗಿಲಿನ ಕಾರಿಗೂ ಬೇಕಾದದ್ದು ಬೇರೆ ಬೇರೆ. ಗೇರ್ ಬದಲಾವಣೆಯ ವೇಗದಲ್ಲಿನ ಅಂತರ ಇಂದು ಕಣ್ಣಿಗೆ ಕಾಣುವಷ್ಟಿಲ್ಲ. ನಿರ್ಣಾಯಕವಾದುದು ಆಮೆವೇಗದಲ್ಲಿ ಹುಟ್ಟುವ ಶಾಖ.

ಬೆಳ್ಳೂರು ಕ್ರಾಸಿನಿಂದ ನೆಲಮಂಗಲದವರೆಗಿನ ಚತುಷ್ಪಥದಲ್ಲಿ ಎರಡು ಬಗೆಯೂ ಒಂದೇ. ಪೀಣ್ಯದ ದಟ್ಟಣೆಯಲ್ಲಿ, ಇಲ್ಲವೇ ಶಿರಾಡಿ ಘಾಟಿಯ ಏರಿನಲ್ಲಿ ಲಾರಿಗಳ ಹಿಂದೆ ಅಡಿಯಡಿಯಾಗಿ ಸಾಗುವಾಗ ಡ್ಯುಯಲ್ ಕ್ಲಚ್ಚಿನ ಫಲಕಗಳು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತವೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಾದರೆ ಶಾಖವನ್ನು ಎಣ್ಣೆ ಒಯ್ಯುತ್ತದೆ. ಒಣ ಕ್ಲಚ್ಚಿಗೆ ಆ ಅನುಕೂಲವಿಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿಯೂ ಶಾಖ ಹುಟ್ಟುತ್ತದೆ, ಆದರೆ ಜಾರುವುದು ಎಣ್ಣೆಯೇ ಆದ್ದರಿಂದ ಸವೆಯುವ ವಸ್ತುವಿಲ್ಲ. ಬೆಂಗಳೂರಿನ ವೋಲ್ವೊ ಸಿಟಿ ಬಸ್ಸುಗಳು ನಿಲ್ದಾಣದಿಂದ ನಿಲ್ದಾಣಕ್ಕೆ ಟಾರ್ಕ್ ಕನ್ವರ್ಟರ್ ನಂಬಿಯೇ ಓಡಿದವು.

ಅನುಭವವೂ ಇದನ್ನೇ ಹೇಳುತ್ತದೆ. 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್‌ನ ಪೆಟ್ರೋಲ್ ಆಟೋಮ್ಯಾಟಿಕ್ ಮಾದರಿಯಲ್ಲಿ ಡ್ಯುಯಲ್ ಕ್ಲಚ್ ಇತ್ತು. 2017ರಲ್ಲಿ ಅದರ ಜಾಗಕ್ಕೆ ಟಾರ್ಕ್ ಕನ್ವರ್ಟರ್ ಬಂದಿತು. ಆಸ್ಟ್ರೇಲಿಯದಲ್ಲಿ ಇದೇ ಕುಟುಂಬದ ಗೇರ್‌ಬಾಕ್ಸಿನ ದೂರುಗಳನ್ನು ನಿರ್ವಹಿಸಿದ ರೀತಿಗಾಗಿ ಫೋರ್ಡ್‌ಗೆ 2018ರಲ್ಲಿ ನ್ಯಾಯಾಲಯವು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಇನ್ನು 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ಕಾರಿನಲ್ಲಿ 1.0 ಲೀಟರ್ ಎಂಜಿನ್ನಿಗೆ ಆರು ಗೇರುಗಳ ಟಾರ್ಕ್ ಕನ್ವರ್ಟರನ್ನೂ 1.5 ಲೀಟರ್ ಎಂಜಿನ್ನಿಗೆ ಏಳು ಗೇರುಗಳ ಒಣ ಡ್ಯುಯಲ್ ಕ್ಲಚ್ಚನ್ನೂ ಜೋಡಿಸಲಾಯಿತು. ಪೇಟೆಯ ಓಡಾಟವೇ ಹೆಚ್ಚಿದ್ದವರಿಗೆ ಮೊದಲನೆಯದು ಲೇಸೆಂಬುದು ಈ ಲೇಖಕನ ಅಭಿಪ್ರಾಯ.

ಬಿಡಿಭಾಗ ತಯಾರಿಸುವ ನಮ್ಮ ಸಣ್ಣ ಉದ್ದಿಮೆದಾರರು ಮಾತ್ರ ಈ ವಿಷಯವನ್ನು ಬೇರೆ ಕಡೆಯಿಂದ ನೋಡಬೇಕು. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಹೊಟ್ಟೆಯೊಳಗಿರುವುದು ಬಹುತೇಕ ಕೈಗೇರಿನ ಸಾಮಗ್ರಿಯೇ: ಶಾಫ್ಟು, ಹಲ್ಲುಗಾಲಿ, ಫೋರ್ಕು, ಸಿಂಕ್ರೋನೈಸರ್ ಉಂಗುರ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2004ರಿಂದ ಕೈಗೇರಿನ ಪೆಟ್ಟಿಗೆಗಳನ್ನು ತಯಾರಿಸಿ ಹೊರದೇಶಕ್ಕೂ ಕಳುಹಿಸಿದೆ. ಅಂತಹ ಕೆಲಸದಲ್ಲಿ ಪಳಗಿದ ಕೈಗಳಿಗೆ ಇದು ತೀರಾ ಹೊಸದಲ್ಲ. ಟಾರ್ಕ್ ಕನ್ವರ್ಟರ್ ಬಗೆಯಲ್ಲಿ ಪ್ಲಾನೆಟರಿ ಗೇರು, ಘರ್ಷಣ ಫಲಕ, ಎಣ್ಣೆಯ ಒತ್ತಡ ನಿಯಂತ್ರಿಸುವ ವಾಲ್ವ್ ಬಾಡಿ ಇವೆಲ್ಲ ಬೇರೆಯದೇ ಯಂತ್ರಗಳನ್ನು ಬೇಡುತ್ತವೆ. ಲೋಹದ ಎರಕಕ್ಕೆ ಹೆಸರಾದ ನಾಗಮಂಗಲ ತಾಲ್ಲೂಕಿನ ಓದುಗರಿಗೆ, ಸಿಂಕ್ರೋನೈಸರ್ ಉಂಗುರಗಳು ಬಹುಕಾಲ ಹಿತ್ತಾಳೆಯಿಂದಲೇ ಆಗುತ್ತಿದ್ದವೆಂಬುದು ಹಿಡಿಸೀತು. ಆದರೆ ಮೂರ್ತಿಯ ಎರಕಕ್ಕೂ ಈ ಅಳತೆಯ ನಿಖರತೆಗೂ ಬಹಳ ದೂರ. ಹಾಗೆಯೇ ಹೆಚ್ಚಿನ ವಿದ್ಯುತ್ ಕಾರುಗಳಿಗೆ ಒಂದೇ ಗೇರು ಸಾಕಾಗುವುದರಿಂದ, ಹೊಸ ಯಂತ್ರಕ್ಕೆ ಸಾಲ ಮಾಡುವ ಮುನ್ನ ಆರ್ಡರಿನ ಅವಧಿಯನ್ನು ನೋಡಿಕೊಳ್ಳುವುದು ಕ್ಷೇಮ.

ಹಳೆಯ ಡ್ಯುಯಲ್ ಕ್ಲಚ್ ಕಾರು ಕೊಳ್ಳುವವರು ಎಂಜಿನ್ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ದಟ್ಟಣೆಯಲ್ಲಿ ಓಡಿಸಿದ ಮೇಲೆ ಇನ್ನೊಮ್ಮೆ, ಸಣ್ಣ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಬೇಕು. ಎರಡನೆಯ ಸಲ ಕಾರು ನಡುಗಿದರೆ ಕ್ಲಚ್ಚು ಸವೆದಿರುವ ಸಂಭವವಿದೆ. ಟಾರ್ಕ್ ಕನ್ವರ್ಟರ್ ಕಾರಾದರೆ ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಿದ ಬಿಲ್ಲುಗಳನ್ನು ಕೇಳಿ ಪಡೆಯತಕ್ಕದ್ದು.