ಬಾಡಿಗೆಯಿಲ್ಲದ ಅಂಗಡಿಗೆ 1,500 ಕೋಟಿ!

ಹಬ್ಬ ಹತ್ತಿರ ಬಂತೆಂದರೆ ಮಕ್ಕಳ ಬಟ್ಟೆಗಾಗಿ ಮೊಬೈಲ್ ತೆರೆದು ನೋಡುವುದು ಈಗ ನಮ್ಮ ಮನೆಗಳಲ್ಲೂ ವಾಡಿಕೆಯಾಗಿದೆ. ಚಿತ್ರ ನೋಡುತ್ತೀರಿ, ಅಳತೆ ಆರಿಸುತ್ತೀರಿ, ಹಣ ಪಾವತಿಸುತ್ತೀರಿ. ಕೆಲವೇ ದಿನಗಳಲ್ಲಿ ಕಟ್ಟು ಬಾಗಿಲಿಗೆ ಬರುತ್ತದೆ. ಪೇಟೆಯ ಬಾಡಿಗೆಯಿಲ್ಲ, ಗಾಜಿನ ಕಪಾಟುಗಳಿಲ್ಲ. ಇಂತಹ ಅಂಗಡಿ ತೆರೆಯಲು ಎಷ್ಟು ಖರ್ಚಾದೀತು ಎಂದು ಎಂದಾದರೂ ಯೋಚಿಸಿದ್ದೀರಾ? ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಕಂಪೆನಿ 2014ರ ಫೆಬ್ರವರಿಯಲ್ಲಿ ತೆರೆದ ಹೊಸ ಆನ್‌ಲೈನ್ ಅಂಗಡಿಗೆ ತಗಲಿದ್ದು 15 ಕೋಟಿ ಪೌಂಡ್. ಅಂದಿನ ದರದಲ್ಲಿ ಸುಮಾರು 1,500 ಕೋಟಿ ರೂಪಾಯಿ!

ಈ ಕಂಪೆನಿಯ ಆರಂಭ ಬಹಳ ಸಣ್ಣದು. 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಲೀಡ್ಸ್ ನಗರದ ಮಾರುಕಟ್ಟೆಯಲ್ಲಿ ಒಂದು ಪೆನ್ನಿಯ ಸಾಮಾನುಗಳನ್ನಿಟ್ಟು ಮಾರುತ್ತಿದ್ದ. ಬೆಲೆ ಕೇಳುವುದೇ ಬೇಡ, ಎಲ್ಲಕ್ಕೂ ಒಂದೇ ದರ. ಅಂಥವನ ಹೆಸರಿನ ಕಂಪೆನಿ 2007ರಿಂದ ಅಂತರ್ಜಾಲದಲ್ಲಿ ಅಮೆಜಾನ್‌ನ ವ್ಯವಸ್ಥೆಯನ್ನು ಬಳಸಿಕೊಂಡು ವ್ಯಾಪಾರ ನಡೆಸುತ್ತಿತ್ತು. ಬಾಡಿಗೆ ಕಟ್ಟಡವಿದ್ದಂತೆ ಎನ್ನಿ. ಆದರೆ ಕಟ್ಟಡದೊಡೆಯನೇ ಪಕ್ಕದಲ್ಲಿ ದೊಡ್ಡ ಅಂಗಡಿ ಇಟ್ಟುಕೊಂಡಿದ್ದರೆ ಯಾವ ವ್ಯಾಪಾರಿಗೆ ತಾನೇ ನೆಮ್ಮದಿ? ಸ್ವಂತದ್ದನ್ನು ಕಟ್ಟಲು ಹೊರಟರು.

ಹಣವೆಲ್ಲ ಎಲ್ಲಿಗೆ ಹೋಗುತ್ತದೆ? ನಿಮಗೆ ಕಾಣುವ ಪುಟ ಅಂಗಡಿಯ ಗಾಜು ಮಾತ್ರ. ಒಂದು ಅಂಗಿಯನ್ನೇ ತೆಗೆದುಕೊಳ್ಳಿ. ಐದು ಬಣ್ಣ, ಎಂಟು ಅಳತೆ, ಮೂರು ಉದ್ದ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು 120 ವಸ್ತುಗಳು. ಪ್ರತಿಯೊಂದೂ ಎಷ್ಟು ಉಳಿದಿದೆ ಎಂಬುದು ಕ್ಷಣಕ್ಷಣಕ್ಕೂ ಸರಿಯಾಗಿ ಗೊತ್ತಿರಬೇಕು. ಕೊನೆಯ ಒಂದನ್ನು ಇಬ್ಬರು ಗ್ರಾಹಕಿಯರಿಗೆ ಮಾರಿಬಿಟ್ಟರೆ ಒಬ್ಬಾಕೆ ಮತ್ತೆ ಬರಲಾರಳು. ಅಂಗಡಿಗಳಲ್ಲಿರುವ ಹಳೆಯ ಬಿಲ್ಲಿನ ಕಂಪ್ಯೂಟರುಗಳು, ಬ್ಯಾಂಕು, ಗೋದಾಮು, ಸಾಗಾಟದ ಲಾರಿ, ಹಿಂದಿರುಗಿಸಿದ ಬಟ್ಟೆಯ ಲೆಕ್ಕ ಇವೆಲ್ಲ ಒಂದಕ್ಕೊಂದು ಮಾತನಾಡಬೇಕು. ಹೊಸ ಮನೆ ಕಟ್ಟುವುದು ಸುಲಭ. ಜನ ವಾಸವಾಗಿರುವ ಹಳೆಯ ಮನೆಯ ಅಡಿಪಾಯ ಬದಲಿಸುವುದು ಎಷ್ಟು ಕಷ್ಟವೆಂದು ಮನೆ ರಿಪೇರಿ ಮಾಡಿಸಿದವರಿಗೆ ಹೇಳಬೇಕಾಗಿಲ್ಲ. ಇದರ ಜೊತೆಗೆ ಆನ್‌ಲೈನ್ ಬೇಡಿಕೆಗಳಿಗಾಗಿಯೇ 2013ರಲ್ಲಿ ಕ್ಯಾಸಲ್ ಡಾನಿಂಗ್ಟನ್ ಎಂಬಲ್ಲಿ 9 ಲಕ್ಷ ಚದರ ಅಡಿಯ ಗೋದಾಮನ್ನೂ ಕಂಪೆನಿ ತೆರೆದಿತ್ತು.

ಇಷ್ಟಾದ ಮೇಲೆ ವ್ಯಾಪಾರ ಏರಬೇಕಿತ್ತಲ್ಲವೇ? 2014ರ ಜೂನ್ ಅಂತ್ಯದ ತ್ರೈಮಾಸಿಕದಲ್ಲಿ ಆನ್‌ಲೈನ್ ಮಾರಾಟ ಶೇ. 8.1ರಷ್ಟು ಕುಸಿಯಿತು. ಮುಖ್ಯ ಕಾರಣಗಳಲ್ಲೊಂದು ಕೇಳಲು ಕ್ಷುಲ್ಲಕ. ಹಳೆಯ ಖಾತೆಗಳು ಹೊಸ ವ್ಯವಸ್ಥೆಗೆ ಬರಲಿಲ್ಲ. ಸುಮಾರು 60 ಲಕ್ಷ ಗ್ರಾಹಕರು ಮತ್ತೊಮ್ಮೆ ಹೆಸರು, ವಿಳಾಸ ನೋಂದಾಯಿಸಬೇಕಾಯಿತು. ಒಲೆಯ ಮೇಲೆ ಹಾಲಿಟ್ಟು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಅಂಗಿ ಕೊಳ್ಳಲು ಕುಳಿತವಳಿಗೆ "ನೀವು ಯಾರು?" ಎಂದು ಕೇಳಿದರೆ ಆಕೆ ಏನು ಮಾಡಿಯಾಳು? ಹೊಸ ಪುಟಗಳು ನಿಯತಕಾಲಿಕದಂತೆ ಅಂದವಾಗಿದ್ದವು, ಆದರೆ ಬೇಕಾದ್ದು ಸಿಗುತ್ತಿಲ್ಲವೆಂದು ಹಲವರು ದೂರಿದರು. ಕಪಾಟು ಬದಲಿಸಿದ ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿ ಹುಡುಕಿದ ಅನುಭವ ನಿಮಗೂ ಇರಬಹುದು.

ಅದೇ ವರ್ಷದ ಕ್ರಿಸ್‌ಮಸ್ ವೇಳೆಗೆ ಗೋದಾಮು ಒತ್ತಡ ತಾಳದೆ ಕಟ್ಟುಗಳು ತಡವಾದವು. ಮಾರಾಟ ಮತ್ತೆ ಇಳಿಯಿತು. 2015ರ ಆರಂಭದ ತಿಂಗಳುಗಳಲ್ಲಿ ಮಾತ್ರ ಅದು ಶೇ. 13.8ರಷ್ಟು ಏರಿ, ಕಂಪೆನಿ ಉಸಿರುಬಿಟ್ಟಿತು.

ಹಾಗೆಂದು ಖರ್ಚು ಅಲ್ಲಿಗೆ ಮುಗಿಯಲಿಲ್ಲ. ಕಟ್ಟಿದ್ದಕ್ಕೆ ಕಾವಲೂ ಬೇಕು. 2025ರ ಏಪ್ರಿಲ್‌ನಲ್ಲಿ ಸೈಬರ್ ದಾಳಿಕೋರರು ಇದೇ ಕಂಪೆನಿಯ ಕಂಪ್ಯೂಟರುಗಳಿಗೆ ನುಗ್ಗಿದರು. ಏಪ್ರಿಲ್ 25ರಂದು ನಿಂತ ಆನ್‌ಲೈನ್ ಬೇಡಿಕೆ ಸ್ವೀಕಾರ ಜೂನ್ 10ರಂದಷ್ಟೇ ಭಾಗಶಃ ಮತ್ತೆ ಶುರುವಾಯಿತು. ಲಾಭಕ್ಕೆ ಬೀಳುವ ಹೊಡೆತವನ್ನು ಕಂಪೆನಿ ಸುಮಾರು 30 ಕೋಟಿ ಪೌಂಡ್ ಎಂದು ಅಂದಾಜಿಸಿತು. 2014ರಲ್ಲಿ ಅಂಗಡಿ ಕಟ್ಟಲು ತಗಲಿದ್ದಕ್ಕಿಂತ ಇದು ಎರಡು ಪಟ್ಟು. ಆ ವಾರಗಳಲ್ಲಿ ಆಹಾರ ಸಾಮಗ್ರಿಯ ಲೆಕ್ಕವನ್ನು ಸಿಬ್ಬಂದಿ ಪೆನ್ನು, ಕಾಗದ ಹಿಡಿದು ಬರೆಯಬೇಕಾಯಿತು.